ಉಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಾಡುಗಳು

ಈ ಸಂಚಿಕೆಗೆ ಲೇಖನ ಕೊಡಿ ಎಂದು ಕನ್ನಡ ಉಪನ್ಯಾಸಕರು ತರಗತಿಯಲ್ಲಿ ಹೇಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. "ಸಮಯದ ಮಹತ್ವ, ಮೊಬೈಲಿನ ದುಷ್ಪರಿಣಾಮ, ಇವು ಪ್ರತಿ ವರ್ಷ ಬರುತ್ತವೆ. ನಿಮ್ಮ ಮನೆಯೊಳಗಿನದ್ದು ಏನಾದರೂ ಬರೆಯಿರಿ, ಬೇರೆ ಯಾರೂ ಬರೆಯಲಾಗದ್ದು" ಎಂದರು. ನಮ್ಮ ಮನೆಯೊಳಗೆ ಬರೆಯುವಂಥದ್ದು ಏನಿದೆ ಎಂದು ನನಗೆ ಅನಿಸಿತ್ತು. ರಮಝಾನಿಗೆ ಮೊದಲು ಮನೆ ತೊಳೆಯುವ ದಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದೆವು. ಈ ಲೇಖನ ಆ ಪೆಟ್ಟಿಗೆಯಿಂದ ಬಂದದ್ದು.

ಗಲ್ಫಿನಲ್ಲಿ ಯಾರಾದರೂ ಇರುವ ಮನೆಯವರಿಗೆ ಆ ಪೆಟ್ಟಿಗೆಯನ್ನು ವಿವರಿಸಬೇಕಾಗಿಲ್ಲ. ದಪ್ಪ ರಟ್ಟಿನ ಪೆಟ್ಟಿಗೆ, ಮೈತುಂಬ ಕಂದು ಟೇಪು, ಅದರ ಮೇಲೆ ನೀಲಿ ಹಗ್ಗ, ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಹೆಸರು ಮತ್ತು "ಮಂಗಳೂರು". ನಮ್ಮ ಉಪ್ಪ 2020ರಲ್ಲಿ ದುಬೈಯಿಂದ ಕೊನೆಯ ಸಲ ಬಂದಾಗ ತಂದ ಪೆಟ್ಟಿಗೆ ಅದು. ಹಿಂದಿನ ಪೆಟ್ಟಿಗೆಗಳಲ್ಲಿ ಟ್ಯಾಂಗ್, ಹಾಲಿನ ಪುಡಿ, ಬಾದಾಮಿ, ಸೆಂಟು ಇರುತ್ತಿದ್ದವು. ಇದರಲ್ಲಿ ಒಂದು ಕಂಬಳಿ, ಕೆಲಸದ ಬೂಟು, ಫೈಲುಗಳು, ಒಂದು ಚಿಕ್ಕ ರೈಸ್ ಕುಕ್ಕರ್ ಇದ್ದವು. ಕುಕ್ಕರಿನೊಳಗೆ, ಬನಿಯನ್ ಬಟ್ಟೆಯಲ್ಲಿ ಸುತ್ತಿದ ಒಂದು ಸಿಡಿ ಸಿಕ್ಕಿತು.

ಮುಖಪುಟದಲ್ಲಿದ್ದ ಹೆಸರನ್ನು ಓದಲು ನನಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು: "ಅಲ್ಟ್ರಾಇಲೆಕ್ಟ್ರೋಮ್ಯಾಗ್ನೆಟಿಕ್‌ಜ್ಯಾಮ್". ನಾನು ವಾಣಿಜ್ಯ ವಿಭಾಗದವಳು. ಯಾವುದೋ ವಿಜ್ಞಾನದ ಪಾಠವಿರಬೇಕು ಎಂದುಕೊಂಡೆ. ತಿರುಗಿಸಿ ನೋಡಿದರೆ ಹಾಡುಗಳ ಪಟ್ಟಿ. ಅದರಲ್ಲಿ ಒಂದು "ಆಂಗ್ ಹುಲಿಂಗ್ ಎಲ್ ಬಿಂಬೊ". ನನ್ನ ತಮ್ಮ ಇಣುಕಿ ನೋಡಿ, "ಹುಲಿಯ ಹಾಡಾ?" ಎಂದು ಕೇಳಿದ.

ನಮ್ಮ ಮನೆಯಲ್ಲಿ ಹಾಡಿನ ಸಿಡಿ ಇರುವುದೇ ವಿಚಿತ್ರ. ನಮ್ಮಲ್ಲಿ ಹಾಡು ಎಂದರೆ ಮೌಲೂದ್, ಬುರ್ದಾ, ಮದುವೆ ಮನೆಯ ದಫ್. ಗಿಟಾರ್ ಹಿಡಿದ ರಾಕ್ ಬ್ಯಾಂಡಿಗೂ ನಮ್ಮ ಉಪ್ಪನಿಗೂ ಏನು ಸಂಬಂಧ? ಅದನ್ನು ಹಿಡಿದುಕೊಂಡು ಜಗಲಿಗೆ ಹೋದೆ. ಉಪ್ಪ ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಸಿಡಿಯನ್ನು ನೋಡಿ ಸ್ಟೂಲಿನಿಂದ ಇಳಿದು, ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡರು. "ಇದು ಕುಯಾನದ್ದು" ಎಂದರು.

ನಮ್ಮ ಉಪ್ಪ ಕಡಿಮೆ ಮಾತಿನವರು. ಅವರು ಆ ದಿನ ಅಸರ್‌ನಿಂದ ಮಗ್ರಿಬ್‌ವರೆಗೆ ಮಾತಾಡಿದರು.

ಕುಯಾ ಎಂಬುದು ಹೆಸರಲ್ಲ. ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯಲ್ಲಿ ಅಣ್ಣನನ್ನು ಹಾಗೆ ಕರೆಯುತ್ತಾರೆ, ನಾವು ಕಾಕ ಎಂದು ಕರೆಯುವಂತೆ. ಉಪ್ಪ 2003ರಲ್ಲಿ ದುಬೈಗೆ ಹೋಗಿ ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯ ಸ್ಟೋರಿನಲ್ಲಿ ಹೆಲ್ಪರ್ ಆಗಿ ಸೇರಿದಾಗ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಅವರು. ಉಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಇಬ್ಬರೂ ಅಲ್ ಕ್ವೋಜ್‌ನ ಒಂದೇ ಕ್ಯಾಂಪಿನಲ್ಲಿ ಇದ್ದರು. ಉಪ್ಪ ಅವರನ್ನು ಕುಯಾ ಎನ್ನುತ್ತಿದ್ದರು, ಅವರು ಉಪ್ಪನನ್ನು ಭಾಯ್ ಎನ್ನುತ್ತಿದ್ದರು. ಒಂದಿಷ್ಟು ಇಂಗ್ಲಿಷ್, ಒಂದಿಷ್ಟು ಅರಬಿ, ಒಂದಿಷ್ಟು ಹಿಂದಿ, ಉಳಿದದ್ದು ಕೈಸನ್ನೆ. ಉಪ್ಪನಿಗೆ ಸ್ಟಾಕ್ ರಿಜಿಸ್ಟರ್ ಬರೆಯಲು, ಕಂಪ್ಯೂಟರಿನಲ್ಲಿ ಬಿಲ್ ಹಾಕಲು ಕಲಿಸಿದವರು ಅವರೇ. ಏಳನೆಯ ತರಗತಿಗೆ ಶಾಲೆ ಬಿಟ್ಟ ಉಪ್ಪ ಮುಂದೆ ಸ್ಟೋರ್‌ಕೀಪರ್ ಆದದ್ದು ಹಾಗೆ. ರಮಝಾನಿನಲ್ಲಿ ಉಪ್ಪನ ಅಲಾರಾಂ ಕೈಕೊಟ್ಟರೆ ಸಹರಿಗೆ ಎಬ್ಬಿಸುತ್ತಿದ್ದವರು ಕ್ರೈಸ್ತರಾದ ಆ ಕುಯಾ. ಕ್ರಿಸ್‌ಮಸ್ ದಿನ ಅವರ ರೂಮಿಗೆ ಬಿರಿಯಾನಿ ಮಾಡಿಕೊಡುತ್ತಿದ್ದವರು ಉಪ್ಪ.

ವಾರದ ರಜೆ ಆಗ ಶುಕ್ರವಾರ. ಜುಮಾ ಮುಗಿಸಿ ಉಪ್ಪ ಬರುವ ಹೊತ್ತಿಗೆ ಫಿಲಿಪ್ಪೀನ್ಸಿನವರ ಕೋಣೆಯಲ್ಲಿ ಗಿಟಾರ್ ಶುರುವಾಗಿರುತ್ತಿತ್ತು. "ನಮ್ಮವರು ರಜೆಯಲ್ಲಿ ಮಲಗುತ್ತಾರೆ, ಅವರು ಹಾಡುತ್ತಾರೆ" ಎಂದರು ಉಪ್ಪ. ಹಾಡುವುದು ಆ ದೇಶದವರ ದಿನದ ಊಟವಿದ್ದಂತೆ. ಹಾಡಿನ ಸಂಗೀತಕ್ಕೆ ನಮ್ಮ ದನಿ ಸೇರಿಸುವ ಕರಾವೋಕೆ ಯಂತ್ರದ ಒಂದು ಬಗೆಗೆ 1980ರ ದಶಕದಲ್ಲಿ ಪೇಟೆಂಟ್ ಪಡೆದ ರಾಬರ್ಟೊ ಡೆಲ್ ರೊಸಾರಿಯೊ ಫಿಲಿಪ್ಪೀನ್ಸಿನವರು. ಗಲ್ಫಿನ, ಏಷ್ಯಾದ ಹೋಟೆಲುಗಳಲ್ಲಿ ಬೇರೆಯವರ ಹಾಡನ್ನು ಹಾಡಿ ಜೀವನ ಮಾಡುವ ಎಷ್ಟೋ ಬ್ಯಾಂಡುಗಳು ಅವರವು. ಮನಿಲಾದಲ್ಲಿ ಹಾಗೆ ಹಾಡುತ್ತಿದ್ದ ಆರ್ನೆಲ್ ಪಿನೆಡಾ ಎಂಬವರನ್ನು ಅಮೆರಿಕದ ಪ್ರಸಿದ್ಧ ಬ್ಯಾಂಡ್ ಜರ್ನಿ ಅಂತರ್ಜಾಲದ ವಿಡಿಯೊಗಳಲ್ಲಿ ನೋಡಿ 2007ರಲ್ಲಿ ತನ್ನ ಮುಖ್ಯ ಗಾಯಕನನ್ನಾಗಿಯೇ ಮಾಡಿಕೊಂಡಿತು.

ಹಾಗೆ ಬೇರೆಯವರ ಹಾಡನ್ನು ನಮ್ಮ ದನಿಯಲ್ಲಿ ಹಾಡುವುದಕ್ಕೆ 'ಕವರ್' ಎನ್ನುತ್ತಾರೆ. ಉಪ್ಪನ ಸಿಡಿ ಪೂರ್ತಿ ಕವರ್‌ಗಳದ್ದು. ಒಂದು ಬ್ಯಾಂಡಿನ ಹಾಡುಗಳನ್ನು ಬೇರೆ ಬೇರೆ ಗಾಯಕರು ಹಾಡಿ ಆ ಬ್ಯಾಂಡಿಗೆ ಸಲ್ಲಿಸಿದ ಗೌರವ ಅದು. ಆ ಬ್ಯಾಂಡಿನ ಹೆಸರು ಇರೇಸರ್‌ಹೆಡ್ಸ್.

ಅವರ ಬಗ್ಗೆ ಉಪ್ಪನಿಗೆ ಕುಯಾ ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ. 1989ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾನಿಲಯದ ದಿಲಿಮಾನ್ ಕ್ಯಾಂಪಸ್ಸಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಸೇರಿ ಕಟ್ಟಿದ ಬ್ಯಾಂಡ್ ಇದು. ಹಾಡುಗಾರ ಎಲಿ ಬುವೆಂಡಿಯಾ, ಡ್ರಮ್ಸ್ ನುಡಿಸುವ ರೇಮಂಡ್ ಮರಸಿಗನ್, ಬೇಸ್ ಗಿಟಾರಿನ ಬಡ್ಡಿ ಜಬಾಲಾ, ಗಿಟಾರಿನ ಮಾರ್ಕಸ್ ಅಡೋರೊ. ಹೆಸರನ್ನು ಡೇವಿಡ್ ಲಿಂಚ್ ಎಂಬ ನಿರ್ದೇಶಕರ ಸಿನಿಮಾದಿಂದ ತೆಗೆದುಕೊಂಡರು. ಮೊದಲ ಆಲ್ಬಂ 1993ರಲ್ಲಿ ಬಂತು. ಅದರ ಹೆಸರು "ಅಲ್ಟ್ರಾಇಲೆಕ್ಟ್ರೋಮ್ಯಾಗ್ನೆಟಿಕ್‌ಪಾಪ್". ಅಲ್ಲಿನ ಮಕ್ಕಳು ಟಿವಿಯಲ್ಲಿ ನೋಡುತ್ತಿದ್ದ ಜಪಾನಿನ ವೋಲ್ಟಸ್ ಫೈವ್ ಕಾರ್ಟೂನಿನ ರೋಬೋಟ್ ಬಳಸುವ ಆಯುಧದ ಹೆಸರನ್ನೇ ತಮಾಷೆಗೆ ತಿರುಚಿದ್ದು. ಉಪ್ಪನ ಸಿಡಿಯ ಉದ್ದ ಹೆಸರಿನ ಗುಟ್ಟು ಇಷ್ಟೇ, ಮೊದಲ ಆಲ್ಬಮ್ಮಿನ 'ಪಾಪ್' ಹೋಗಿ 'ಜ್ಯಾಮ್' ಬಂದಿದೆ.

ಅವರ ಹಾಡುಗಳು ಯಾವುದರ ಬಗ್ಗೆ ಎಂದು ತಿಳಿದಾಗ ನನಗೆ ಅವರು ದೂರದ ದೇಶದವರು ಅನಿಸಲಿಲ್ಲ. "ಲಿಗಾಯಾ" ಎಂದರೆ ಸಂತೋಷ. ಅದರಲ್ಲಿ ಹುಡುಗ ಹುಡುಗಿಯನ್ನು ಒಲಿಸಿಕೊಳ್ಳಲು ಬೇಕಾದರೆ ನಿನ್ನ ಪ್ರಬಂಧವನ್ನೂ ನಾನೇ ಬರೆದುಕೊಡುತ್ತೇನೆ ಎನ್ನುತ್ತಾನೆ. (ರೆಕಾರ್ಡ್ ಬುಕ್ ಬರೆದುಕೊಡುವವರು ನಮ್ಮಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ!) "ಓವರ್‌ಡ್ರೈವ್" ಕಾರು ಓಡಿಸಿ ಊರೂರು ಸುತ್ತುವ ಕನಸಿನ ಹಾಡು. ಆದರೆ ಹಾಡುವವನಿಗೆ ಡ್ರೈವಿಂಗ್ ಬರುವುದಿಲ್ಲ. "ಮಗಸಿನ್" ಹಿಂದೆ ಪರಿಚಯವಿದ್ದ ಹುಡುಗಿಯನ್ನು ಪತ್ರಿಕೆಯ ಮುಖಪುಟದಲ್ಲಿ ನೋಡಿ ಬೆಚ್ಚಿಬಿದ್ದವನದ್ದು. "ಮಿನ್ಸಾನ್" ಹಾಸ್ಟೆಲಿನಲ್ಲಿ ಜೊತೆಗಿದ್ದು ಆಮೇಲೆ ದೂರವಾದ ಗೆಳೆಯರದ್ದು. ಮೊದಲ ಆಲ್ಬಮ್ಮಿನಲ್ಲಿ ಆಲಿಂಗ್ ನೆನಾ ಎಂಬಾಕೆಯ ಸಣ್ಣ ಅಂಗಡಿಯ ಮೇಲೂ ಒಂದು ಹಾಡಿದೆ. ಶ್ಯಾಂಪೂ ಪ್ಯಾಕೆಟು, ಒಂದೊಂದು ಮೊಟ್ಟೆ, ಐದು ರೂಪಾಯಿಯ ಎಣ್ಣೆ ಎಂದು ಚಿಲ್ಲರೆಯಾಗಿ ಮಾರುವ ನಮ್ಮ ರಸ್ತೆಬದಿಯ ಜೀನಸು ಅಂಗಡಿಗಳಂಥವು ಅಲ್ಲೂ ಬೀದಿಗೊಂದು ಇವೆಯಂತೆ. ಊರಿಗೆ ಹೋದ ಮೇಲೆ ಅಂಗಡಿ ಇಡುತ್ತೇನೆ ಎಂದು ಉಪ್ಪ ಹೇಳಿದಾಗಲೆಲ್ಲ ಕುಯಾ, "ಆಲಿಂಗ್ ನೆನಾ! ಆಲಿಂಗ್ ನೆನಾ!" ಎಂದು ರೇಗಿಸುತ್ತಿದ್ದರಂತೆ. ಈಗ ಉಪ್ಪ ಅಂಗಡಿ ಇಟ್ಟಿದ್ದಾರೆ. ರೇಗಿಸುವವರು ಹತ್ತಿರ ಇಲ್ಲ.

ಎಲ್ಲವೂ ತಮಾಷೆಯೇ ಆಗಿರಲಿಲ್ಲ. "ಅಲಪಾಪ್" ಎಂಬ ಹಾಡು ಮಾದಕ ವಸ್ತುವಿನ ಪರವಾಗಿದೆ, ನಿಷೇಧಿಸಬೇಕು ಎಂದು ಅಲ್ಲಿನ ಒಬ್ಬ ಸೆನೆಟರ್ ಒತ್ತಾಯಿಸಿದ್ದರು. ಅದು ಸ್ವಾತಂತ್ರ್ಯದ ಹಾಡು ಎಂದು ಬ್ಯಾಂಡಿನವರು ಉತ್ತರ ಕೊಟ್ಟರು. 1995ರಲ್ಲಿ ಬಂದ "ಕಟರ್‌ಪಿಲ್ಲೋ" ಆಲ್ಬಂ ಅವರನ್ನು ಮನೆಮನೆಗೆ ತಲುಪಿಸಿತು. ಅದರಲ್ಲಿದ್ದ "ಹುಲಿಂಗ್ ಎಲ್ ಬಿಂಬೊ" ಹಾಡಿನ ವಿಡಿಯೊಗೆ 1997ರಲ್ಲಿ ಎಂಟಿವಿಯ ಏಷ್ಯಾ ವಿಭಾಗದ ವೀಕ್ಷಕರ ಪ್ರಶಸ್ತಿ ಬಂತು. 2002ರಲ್ಲಿ ಬ್ಯಾಂಡ್ ಒಡೆಯಿತು. ಕುಯಾ ಆ ಸುದ್ದಿಯನ್ನು ಮನೆಯಲ್ಲಿ ಪಾಲಾದ ಸುದ್ದಿಯಂತೆ ಹೇಳುತ್ತಿದ್ದರಂತೆ.

ಮೂರು ವರ್ಷದ ಬಳಿಕ, 2005ರಲ್ಲಿ, ಈ ಗೌರವದ ಆಲ್ಬಂ ಬಂತು. ಕುಯಾ ರಜೆಯಲ್ಲಿ ಊರಿಗೆ ಹೋಗಿ 2006ರಲ್ಲಿ ಮರಳುವಾಗ ಇದನ್ನು ಕೊಂಡು ತಂದರು. ಕೋಣೆಯವರೆಲ್ಲ ಸುತ್ತ ಕುಳಿತು ಕೇಳಿದರು. ಕುಯಾನಿಗೆ ಇಷ್ಟವಾಗಲಿಲ್ಲ!

"ಯಾಕೆ?" ಎಂದು ಕೇಳಿದೆ.

"ಅವರು ಮೂಲ ಹಾಡುಗಳನ್ನು ಕಾಲೇಜಿನಲ್ಲಿದ್ದಾಗ ಕೇಳಿದವರು. ಒಂದೊಂದು ಹಾಡಿಗೂ ಅವರಿಗೊಂದು ನೆನಪಿತ್ತು. ಬೇರೆಯವರು ಹಾಡಿದರೆ ಯಾರೋ ನಮ್ಮ ಮನೆಯ ಬಟ್ಟೆ ಹಾಕಿಕೊಂಡು ಬಂದ ಹಾಗೆ ಆಗುತ್ತದೆ ಎಂದರು. ನನಗೆ ಮಾತ್ರ ಇದೇ ಇಷ್ಟವಾಯಿತು. ನಾನು ಮೊದಲು ಕೇಳಿದ್ದು ಇದನ್ನೇ ಅಲ್ಲವಾ."

ಇದರ ಬಗ್ಗೆ ಇಬ್ಬರಿಗೂ ವರ್ಷಗಟ್ಟಲೆ ಚರ್ಚೆ ನಡೆದಿತ್ತು. "ಲಿಗಾಯಾ"ವನ್ನು ಈ ಸಿಡಿಯಲ್ಲಿ ಕಿಟ್ಚಿ ನಡಾಲ್ ಎಂಬ ಗಾಯಕಿ ಹಾಡಿದ್ದಾರೆ. ಹುಡುಗ ಹುಡುಗಿಗೆ ಹೇಳುವ ಮಾತು ಹೆಣ್ಣುದನಿಯಲ್ಲಿ ಬಂದಾಗ ಅದರ ರೀತಿಯೇ ಬೇರೆಯಾಗುತ್ತದೆ. "ಮಾಲಿಂಗ್ ಅಕಾಲಾ"ವನ್ನು ಬ್ರೌನ್‌ಮ್ಯಾನ್ ರಿವೈವಲ್ ತಂಡದವರು ರೆಗೇ ಲಯಕ್ಕೆ ತಂದಿದ್ದಾರೆ. "ಪಾರೆ ಕೊ" ಸ್ಪಂಜ್ ಕೋಲಾ ಎಂಬ ಯುವ ತಂಡದ್ದು, "ಓವರ್‌ಡ್ರೈವ್" ಬಾರ್ಬಿ ಅಲ್ಮಾಲ್ಬಿಸ್ ಅವರದ್ದು. "ಸ್ಪೊಲಿಯಾರಿಯಂ" ಎಂಬ ಹಾಡನ್ನು ಇಮಾಗೊ ತಂಡ ಹಾಡಿದೆ. ಆ ಹೆಸರು ಹುವಾನ್ ಲೂನಾ ಎಂಬ ಫಿಲಿಪ್ಪೀನ್ಸಿನ ಕಲಾವಿದ ಬರೆದ, 1884ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ ದೊಡ್ಡ ಚಿತ್ರದ್ದು. ಎಂವೈಎಂಪಿ ತಂಡ ಹಾಡಿದ "ಹುವಗ್ ಮೊ ನಾಂಗ್ ಇತಾನಾಂಗ್" ಎಂಬುದರ ಅರ್ಥ 'ಇನ್ನು ಕೇಳಬೇಡ' ಎಂದು. ಇದು ಕ್ಯಾಂಪಿನಲ್ಲಿ ಗಾದೆಮಾತೇ ಆಗಿತ್ತು. ಸಂಬಳ ಯಾವಾಗ ಎಂದು ಯಾರಾದರೂ ಕೇಳಿದರೆ ಎಲ್ಲರೂ ಒಟ್ಟಿಗೆ ಅದನ್ನೇ ಹೇಳುತ್ತಿದ್ದರಂತೆ, ಮಲಬಾರಿನವರೂ ಬಂಗಾಳಿಗಳೂ ಸೇರಿ.

ಕೊನೆಗೆ ಕುಯಾನ ಮನಸ್ಸು ಬದಲಾಯಿಸಿದ್ದು ಒಂದೇ ಹಾಡು. "ಹುಲಿಂಗ್ ಎಲ್ ಬಿಂಬೊ"ವನ್ನು ಇದರಲ್ಲಿ ಹಾಡಿರುವುದು ಹೊಸ ಗಾಯಕರಲ್ಲ, ರಿಕೊ ಜೆ. ಪುನೊ. ಅವರು 1970ರ ದಶಕದ ದೊಡ್ಡ ಹೆಸರು. ಅಮೆರಿಕದ ಒಂದು ಪ್ರಸಿದ್ಧ ಹಾಡಿಗೆ ನಡುವೆ ತಗಾಲೋಗ್ ಮಾತುಗಳನ್ನು ಸೇರಿಸಿ ಹಾಡಿ ಹೆಸರಾದವರು. ಅಂದರೆ ಅವರೂ ಕವರ್‌ನಿಂದಲೇ ಬೆಳೆದವರು. ಈ ಆಲ್ಬಂ ಬರುವಾಗ ಐವತ್ತು ದಾಟಿದ್ದರು. ಸಾಮಾನ್ಯವಾಗಿ ಕಿರಿಯರು ಹಿರಿಯರ ಹಾಡನ್ನು ಹಾಡಿ ಗೌರವಿಸುತ್ತಾರೆ. ಇಲ್ಲಿ ಹಿರಿಯರೊಬ್ಬರು ತಮಗಿಂತ ಸಣ್ಣವರ ಹಾಡನ್ನು ಹಾಡಿ ಗೌರವಿಸಿದ್ದರು. "ಅದು ಸಣ್ಣ ಮಾತಲ್ಲ" ಎಂದರು ಉಪ್ಪ. "ನಮ್ಮಲ್ಲಿ ಹಿರಿಯರು ಕಿರಿಯರನ್ನು ಹೊಗಳುವುದನ್ನು ನೀನು ಎಷ್ಟು ಸಲ ನೋಡಿದ್ದೀ?"

ಆ ಸಿಡಿಯನ್ನು ಕೇಳಬೇಕು ಎಂದು ನನಗೆ ಆಸೆಯಾಯಿತು. ಆದರೆ ಎಲ್ಲಿ ಕೇಳುವುದು? ನಮ್ಮಲ್ಲಿ ಸಿಡಿ ಹಾಕುವ ಯಂತ್ರವಿಲ್ಲ, ಅಕ್ಕನ ಲ್ಯಾಪ್‌ಟಾಪಿಗೆ ಆ ಜಾಗವೇ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ಸಿಗುತ್ತದೆ ಎಂದು ತಮ್ಮ ಹೇಳಿದ. ಉಪ್ಪ ಒಪ್ಪಲಿಲ್ಲ, ಇದೇ ಸಿಡಿ ಆಗಬೇಕು. ಕೊನೆಗೆ ಪೇಟೆಯ ಒಂದು ಫೋಟೊ ಸ್ಟುಡಿಯೊಗೆ ಹೋದೆವು. ಅಲ್ಲಿ ಮದುವೆ ವಿಡಿಯೊಗಳಿಗೆಂದು ಇಟ್ಟ ಹಳೆಯ ಕಂಪ್ಯೂಟರ್ ಇತ್ತು. ಸ್ಟುಡಿಯೊದವರು ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿದರು. ಉಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು, ನಾನು ಪಕ್ಕದಲ್ಲಿ ನಿಂತೆ. ಒಂದೊಂದೇ ಹಾಡು ಬಂತು. ಉಪ್ಪನ ಕಾಲಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿದ್ದದ್ದನ್ನು ನಾನು ನೋಡಿದೆ. ಅದಕ್ಕೆ ಮೊದಲು ನಾನು ಅದನ್ನು ನೋಡಿರಲಿಲ್ಲ.

"ಹುಲಿಂಗ್ ಎಲ್ ಬಿಂಬೊ" ಅರ್ಧಕ್ಕೆ ಬಂದಾಗ ಸಿಡಿ ಸಿಕ್ಕಿಹಾಕಿಕೊಂಡಿತು. ಒಂದೇ ಶಬ್ದ ಮತ್ತೆ ಮತ್ತೆ. ಗೀರು ಬಿದ್ದಿತ್ತು. ಸ್ಟುಡಿಯೊದವರು ಏನು ಮಾಡಿದರೂ ಮುಂದೆ ಹೋಗಲಿಲ್ಲ. "ಇದನ್ನೇ ಹೆಚ್ಚು ಹಾಕಿ ಹಾಕಿ ಸವೆದಿದೆ" ಎಂದರು ಉಪ್ಪ. ಉಳಿದ ಕಥೆಯನ್ನು ಮನೆಗೆ ನಡೆಯುವ ದಾರಿಯಲ್ಲಿ ಅವರೇ ಹೇಳಿದರು.

ಎಲ್ ಬಿಂಬೊ ಎಂಬುದು 1970ರ ದಶಕದ ಒಂದು ನೃತ್ಯ. 'ಹುಲಿಂಗ್' ಎಂದರೆ ಕೊನೆಯ. ಒಬ್ಬ ಹುಡುಗ ಚಿಕ್ಕಂದಿನಲ್ಲಿ ನೆರೆಮನೆಯ ಹುಡುಗಿಯಿಂದ ಆ ನೃತ್ಯ ಕಲಿಯುತ್ತಾನೆ. ದಿನವೂ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಓಡುತ್ತಾನೆ. ಅವಳ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನು ಹೇಳುವುದೇ ಇಲ್ಲ. ವರ್ಷಗಳು ಕಳೆಯುತ್ತವೆ, ಅವಳ ಸುದ್ದಿಯಿಲ್ಲ. ಆಮೇಲೆ ತಿಳಿಯುತ್ತದೆ, ಅವಳಿಗೆ ಒಂದು ಮಗು ಇದೆ, ಗಂಡ ಇಲ್ಲ, ಮನಿಲಾದ ಎರ್ಮಿಟಾ ಎಂಬಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡುತ್ತಾಳೆ. ಒಂದು ರಾತ್ರಿ ಕತ್ತಲ ಗಲ್ಲಿಯಲ್ಲಿ ಯಾವುದೋ ಗಾಡಿ ಬಡಿದು ಅವಳು ಹೋಗಿಬಿಡುತ್ತಾಳೆ. ಇನ್ನು ಅವಳ ಜೊತೆ ಕುಣಿಯುವುದು ಅವನ ಕನಸಿನಲ್ಲಿ ಮಾತ್ರ.

ಉಪ್ಪ ಸ್ವಲ್ಪ ದೂರ ಸುಮ್ಮನೆ ನಡೆದರು. "ಈ ಹಾಡು ಬಂದಾಗ ಕುಯಾ ಹೊರಗೆ ಹೋಗುತ್ತಿದ್ದರು. ಅವರು ಊರು ಬಿಡುವಾಗ ಮಗಳಿಗೆ ಎರಡು ವರ್ಷ. ಫೋನಿನಲ್ಲಿ ಮಾತಾಡಿದರೆ ಅವಳು ನಾಚಿಕೊಳ್ಳುತ್ತಾಳೆ, ಯಾರೋ ಹೊರಗಿನವನ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಾಳೆ ಎನ್ನುತ್ತಿದ್ದರು. ಹೇಳಬೇಕಾದ್ದನ್ನು ಹೇಳುವ ಹೊತ್ತಿಗೆ ತಡವಾಗುತ್ತದಾ ಏನೋ ಭಾಯ್, ಎಂದು ಒಮ್ಮೆ ಕೇಳಿದ್ದರು. ಆಗ ನೀನು ಹುಟ್ಟಿರಲಿಲ್ಲ. ನನಗೆ ಅರ್ಥವಾಗಿರಲಿಲ್ಲ."

ಇಲ್ಲಿ ನಾನು ಬರೆಯಲು ಹಿಂಜರಿದ ವಿಷಯಕ್ಕೆ ಬಂದೆ.

ನಾನು ಹುಟ್ಟಿದಾಗ ಉಪ್ಪ ದುಬೈಯಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬರುತ್ತಿದ್ದರು. ನಾನು ಅವರನ್ನು ತಿಳಿದಿದ್ದು ಫೋನಿನ ದನಿಯಿಂದ, ಉಮ್ಮನ ಮಾತಿನಿಂದ. ಉಮ್ಮನ ಮಾತಿನ ಉಪ್ಪ ನಗುವವರು, ಕಥೆ ಹೇಳುವವರು, ಕೇಳಿದ್ದನ್ನೆಲ್ಲ ಕೊಡಿಸುವವರು. ಕೊರೋನ ವರ್ಷದಲ್ಲಿ ಕಂಪೆನಿ ಕೆಲಸದಿಂದ ತೆಗೆದು, ಬರಬೇಕಾದ ಹಣವನ್ನು ಪೂರ್ತಿ ಕೊಡದೆ ಕಳಿಸಿದಾಗ, ವಂದೇ ಭಾರತ್ ವಿಮಾನದಲ್ಲಿ ಬಂದು ಕ್ವಾರಂಟೈನ್ ಮುಗಿಸಿ ಮನೆಗೆ ಕಾಲಿಟ್ಟವರು ಬೇರೆಯೇ ಒಬ್ಬರು. ಬಿಳಿ ಗಡ್ಡ, ಮಾತಿಲ್ಲ, ರಾತ್ರಿ ನಿದ್ದೆಯಿಲ್ಲ, ಲೈಟ್ ಯಾಕೆ ಉರಿಯುತ್ತಿದೆ, ನೀರು ಯಾಕೆ ಹೋಗುತ್ತಿದೆ ಎಂದು ಸಿಡುಕು. ಮನೆಗೆ ಒಂದೇ ಮೊಬೈಲು, ಮೂವರಿಗೆ ಆನ್‌ಲೈನ್ ಕ್ಲಾಸು. ಒಂದು ದಿನ ನನ್ನ ಪರೀಕ್ಷೆಯ ನಡುವೆ ಉಪ್ಪ ಆ ಮೊಬೈಲನ್ನು ತೆಗೆದುಕೊಂಡು ಕಂಪೆನಿಗೆ ಕರೆ ಮಾಡುತ್ತಾ ಅಂಗಳಕ್ಕೆ ಹೋದರು. ವಾಪಸ್ ಬಂದಾಗ ನಾನು, "ನೀವು ಬರುವ ಮೊದಲೇ ನಮ್ಮ ಮನೆ ಚೆನ್ನಾಗಿತ್ತು" ಎಂದುಬಿಟ್ಟೆ.

ಉಮ್ಮ ನನಗೆ ಹೊಡೆಯಲು ಬಂದರು. ಉಪ್ಪ ತಡೆದು, ಮೊಬೈಲನ್ನು ಮೇಜಿನ ಮೇಲಿಟ್ಟು, ಜಗಲಿಗೆ ಹೋಗಿ ಕುಳಿತರು. ಆ ಮಾತಿಗೆ ನಾನು ಕ್ಷಮೆ ಕೇಳಲಿಲ್ಲ. ಅವರೂ ಎತ್ತಲಿಲ್ಲ. ನಾಲ್ಕು ವರ್ಷ ದಾಟಿತು. ಅವರು ಬೆಳಿಗ್ಗೆ ಅಂಗಡಿಗೆ, ನಾನು ಕಾಲೇಜಿಗೆ. ಫೀಸು, ಬಸ್ ಪಾಸು, ಊಟ ಆಯಿತಾ, ಅಷ್ಟೇ ಮಾತು.

ಸ್ಟುಡಿಯೊದಿಂದ ಬರುವ ದಾರಿಯಲ್ಲಿ ನನಗೆ ಕುಯಾನ ಜಗಳ ನೆನಪಾಯಿತು. ಮೊದಲು ಕೇಳಿದ್ದೇ ಸರಿ ಎಂದು ನಮಗೆ ಅನಿಸುತ್ತದೆ. ನಾನು ಮೊದಲು ಕೇಳಿದ್ದು ಉಮ್ಮ ಹೇಳಿದ ಉಪ್ಪನನ್ನು. ನಿಜವಾದ ಉಪ್ಪ ಎದುರು ಬಂದು ನಿಂತಾಗ ಇವರು ಅವರಲ್ಲ ಎಂದು ಸಿಟ್ಟಾದೆ. ಹದಿನೇಳು ವರ್ಷ ಆ ಕ್ಯಾಂಪಿನಲ್ಲಿ ಅವರು ಹೇಗೆ ಬದುಕಿದರು, ಯಾರ ಜೊತೆ ನಕ್ಕರು, ಯಾವ ಹಾಡಿಗೆ ಕಾಲು ಕುಣಿಸಿದರು ಎಂದು ಒಂದು ದಿನವೂ ಕೇಳಲಿಲ್ಲ.

ಉಪ್ಪ ಮುಂದುವರಿಸಿದ ಕಥೆ ಹೀಗಿದೆ. ಒಡೆದ ಬ್ಯಾಂಡ್ 2008ರ ಆಗಸ್ಟ್ 30ರಂದು ಮತ್ತೆ ಒಟ್ಟಾಗಿ ಮನಿಲಾದಲ್ಲಿ ಹಾಡಿತು. ಎಲಿ ಬುವೆಂಡಿಯಾ ಅವರ ತಾಯಿ ಕೆಲವೇ ದಿನಗಳ ಮೊದಲು ತೀರಿಹೋಗಿದ್ದರು. ಆದರೂ ಅವರು ವೇದಿಕೆಗೆ ಬಂದರು. ಅರ್ಧ ಕಾರ್ಯಕ್ರಮವಾದಾಗ ಅವರ ಆರೋಗ್ಯ ಕೆಟ್ಟು ಆಸ್ಪತ್ರೆಗೆ ಒಯ್ಯಬೇಕಾಯಿತು. ಜನ ಮನೆಗೆ ಮರಳಿದರು. ಉಳಿದ ಅರ್ಧವನ್ನು ಮುಗಿಸಲು 2009ರ ಮಾರ್ಚ್ 7ರಂದು ಇನ್ನೊಂದು ಕಾರ್ಯಕ್ರಮ ಇಟ್ಟರು. ಅದರ ಹಿಂದಿನ ದಿನವೇ ಅವರ ಗೆಳೆಯ, ಅವರ ಜೊತೆ "ಸೂಪರ್‌ಪ್ರಾಕ್ಸಿ" ಹಾಡಿದ್ದ, ಈ ಗೌರವದ ಆಲ್ಬಮ್ಮಿನಲ್ಲೂ ಅದೇ ಹಾಡನ್ನು ಹಾಡಿದ್ದ ರ‍್ಯಾಪ್ ಗಾಯಕ ಫ್ರಾನ್ಸಿಸ್ ಮಗಲೋನಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುದಿನ ಬ್ಯಾಂಡಿನವರು ವೇದಿಕೆಯಲ್ಲಿ ಅವರ ಹಾಡನ್ನು ಹಾಡಿದರು. ಅವರಿಗೆ ಗೌರವ ಸಲ್ಲಿಸಿದವನಿಗೆ ಅವರೇ ಗೌರವ ಸಲ್ಲಿಸಬೇಕಾಯಿತು. ಕುಯಾ ಆ ಸುದ್ದಿ ಹೇಳುತ್ತಾ ಸ್ಟೋರಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರಂತೆ. ರಿಕೊ ಪುನೊ ಕೂಡ 2018ರಲ್ಲಿ ತೀರಿಹೋದರು.

ಈ ಆಲ್ಬಮ್ಮಿನಲ್ಲಿ ನನಗೆ ಹೆಚ್ಚು ಇಷ್ಟವಾದ ಸಂಗತಿ ಇದು: ಅದು ಬಂದಾಗ ಬ್ಯಾಂಡಿನ ನಾಲ್ವರೂ ಬದುಕಿದ್ದರು, ಗಟ್ಟಿಮುಟ್ಟಾಗಿದ್ದರು. ಅವರ ಹಾಡು ಕೇಳಿ ಬೆಳೆದವರು ಅವರ ಕಿವಿಗೆ ಬೀಳುವಂತೆ ಧನ್ಯವಾದ ಹೇಳಿದರು. ನಮ್ಮಲ್ಲಿ ಗೌರವ ಎಂದರೆ ನಿವೃತ್ತಿಯ ದಿನದ ಶಾಲು, ಹಾರ, ಹಣ್ಣಿನ ಬುಟ್ಟಿ. ಇಲ್ಲವೇ ಸಂತಾಪ ಸಭೆ, ಒಂದು ನಿಮಿಷದ ಮೌನ. ನಾವು ಒಳ್ಳೆಯ ಮಾತನ್ನು ಅಷ್ಟು ಕಾಲ ಯಾಕೆ ಉಳಿಸಿಕೊಳ್ಳುತ್ತೇವೋ ತಿಳಿಯದು. ಇನ್ನೊಂದು ಸಂಗತಿ, ಅವರು ಯಾರೂ ಎಲಿ ಬುವೆಂಡಿಯಾ ಅವರ ದನಿಯನ್ನು ಅಣಕಿಸಲಿಲ್ಲ. ತಮ್ಮ ತಮ್ಮ ದನಿಯಲ್ಲೇ ಹಾಡಿದರು. ಧನ್ಯವಾದವನ್ನು ನಮ್ಮ ದನಿಯಲ್ಲೇ ಹೇಳಬೇಕು, ಅದು ಚೆನ್ನಾಗಿಲ್ಲದಿದ್ದರೂ.

ಕುಯಾ ಈಗ ಎಲ್ಲಿದ್ದಾರೆ? 2020ರಲ್ಲಿ ಇಬ್ಬರನ್ನೂ ಒಂದೇ ವಾರ ಕೆಲಸದಿಂದ ತೆಗೆದರು. ಉಪ್ಪನ ವಿಮಾನ ಮೊದಲು ಸಿಕ್ಕಿತು. ಪೆಟ್ಟಿಗೆಗೆ ಟೇಪು ಸುತ್ತಿಕೊಟ್ಟವರು ಕುಯಾ. ಸಿಡಿಯನ್ನು ಅವರು ಕೈಗೆ ಕೊಡಲಿಲ್ಲ, ಕುಕ್ಕರಿನೊಳಗೆ ತಾವೇ ಇಟ್ಟಿರಬೇಕು. ಆ ದಿನದವರೆಗೆ ಅದು ತನ್ನ ಹತ್ತಿರ ಇದೆ ಎಂದು ಉಪ್ಪನಿಗೇ ಗೊತ್ತಿರಲಿಲ್ಲ. ದುಬೈಯ ನಂಬರ್ ಬಂದ್ ಆಗಿದೆ. ಫಿಲಿಪ್ಪೀನ್ಸಿನ ಒಂದು ನಂಬರ್ ಹಳೆಯ ಸ್ಟಾಕ್ ಡೈರಿಯಲ್ಲಿ ಸಿಕ್ಕಿತು. ನಾನೇ ಆ ಸಿಡಿಯ ಫೋಟೊ ತೆಗೆದು ಅದಕ್ಕೆ ವಾಟ್ಸಪ್ ಮಾಡಿದೆ. ಉಪ್ಪ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ: ಭಾಯ್ ಅಂಗಡಿ ಇಟ್ಟಿದ್ದಾನೆ, ಆಲಿಂಗ್ ನೆನಾ ಅಂಗಡಿ. ಒಂದೇ ಟಿಕ್ ಬಿದ್ದಿದೆ. ಉಪ್ಪ ದಿನವೂ ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ, "ಎರಡು ಆಯಿತಾ ನೋಡು" ಎನ್ನುತ್ತಾರೆ. ಇನ್ನೂ ಆಗಿಲ್ಲ. ಆದರೆ ನೋಡುವ ನೆಪದಲ್ಲಿ ನಾವಿಬ್ಬರೂ ಹತ್ತು ನಿಮಿಷ ಜಗಲಿಯಲ್ಲಿ ಕುಳಿತುಕೊಳ್ಳುತ್ತೇವೆ. ಅಲ್ಹಮ್ದುಲಿಲ್ಲಾಹ್, ಈಗ ಮಾತು ಬರುತ್ತಿದೆ.

ಗೆಳೆಯ ಗೆಳತಿಯರೇ, ಫಿಲಿಪ್ಪೀನ್ಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಎಂಬಿಬಿಎಸ್ ಸೀಟು ಸಿಗುವ ದೇಶ. ನಾಳೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಓದಲು ಹೋದರೆ ಈ ಹಾಡುಗಳನ್ನು ಕೇಳಿ ನೋಡಿ. ಅಲ್ಲಿನವರು ನಿಮ್ಮನ್ನು ಬೇಗ ಹತ್ತಿರ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯನ್ನೊಮ್ಮೆ ಇಳಿಸಿ, ಅದರ ಒಡೆಯರನ್ನು ಪಕ್ಕದಲ್ಲಿ ಕೂರಿಸಿ ಕೇಳಿ.

ನಮ್ಮ ಉಪ್ಪ ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಂಗಡಿಯಲ್ಲಿ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಈ ಸಂಚಿಕೆಯನ್ನೂ ಓದುತ್ತಾರೆ. ಎದುರು ಹೇಳಲು ನನಗೆ ಇನ್ನೂ ಬಾಯಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಉಪ್ಪ, ಅವತ್ತು ನಾನು ಹೇಳಿದ ಮಾತು ತಪ್ಪು. ನಮ್ಮ ಮನೆ ಚೆನ್ನಾಗಿದ್ದದ್ದು ನೀವು ಅಲ್ಲಿ ಇದ್ದದ್ದರಿಂದ. ಈಗ ಚೆನ್ನಾಗಿರುವುದು ನೀವು ಇಲ್ಲಿ ಇರುವುದರಿಂದ.